ಸಿಡುಬಿನ ಕಲೆ ಕಾಣದ ರಾಜಕುಮಾರಿ

ಪೋರ್ಚುಗಲ್ಲಿನ ರಾಜಕುಮಾರಿಯ ಚಿತ್ರ ಲಿಸ್ಬನ್ನಿನಿಂದ ಮ್ಯಾಡ್ರಿಡ್‌ಗೆ ಹೋಯಿತು. ಜೊತೆಗೇ ಅಲ್ಲಿದ್ದ ಸ್ಪೇನಿನ ರಾಯಭಾರಿಯ ಒಂದು ಎಚ್ಚರಿಕೆಯೂ ಹೋಯಿತು. ಹುಡುಗಿಯನ್ನು ಕಣ್ಣಾರೆ ಕಂಡಿದ್ದ ಆತ ಚಿತ್ರವನ್ನೂ ನೋಡಿ ತನ್ನ ಆಸ್ಥಾನಕ್ಕೆ ತಿಳಿಸಿದ್ದರ ಸಾರ ಇಷ್ಟು: ಸಿಡುಬಿನ ಕಲೆಗಳನ್ನು ಮುಚ್ಚಿಟ್ಟಿದ್ದಾರೆ, ಅದು ಸಾಲದೆಂದು ಕಣ್ಣು, ಮೂಗು, ಬಾಯಿಗಳನ್ನೂ ಸಾಕಷ್ಟು ತಿದ್ದಿದ್ದಾರೆ. ಇಷ್ಟು ತಿಳಿದ ಮೇಲೂ ಸಂಬಂಧ ಮುರಿಯಲಿಲ್ಲ. ಎರಡು ದೇಶಗಳ ನಡುವೆ ಕುದುರಿದ ನೆಂಟಸ್ತಿಕೆಯನ್ನು ಒಂದು ಮೂಗಿಗಾಗಿ ಬಿಡುವಷ್ಟು ದಡ್ಡರು ಆ ಕಾಲದ ರಾಜರಲ್ಲ.

ಆ ಹುಡುಗಿ ಮರಿಯ ಬಾರ್ಬರ, ಬ್ರಗಾಂಜ ಮನೆತನದವಳು. 1725ರ ಸುಮಾರಿಗೆ ಡೊಮೆನಿಕೊ ಡುಪ್ರಾ ಬರೆದ ಅವಳ ಚಿತ್ರ ಈಗ ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದಲ್ಲಿದೆ. ದೊಡ್ಡ ಚಿತ್ರವೇನಲ್ಲ. ಹದಿಮೂರು ಹದಿನಾಲ್ಕರ ಹುಡುಗಿ, ನುಣ್ಣನೆಯ ಕೆನ್ನೆ. ಪ್ರಾಡೊದ ಅದೇ ಸಂಗ್ರಹದಲ್ಲಿ ಅವಳ ಇನ್ನೂ ಕೆಲವು ಚಿತ್ರಗಳಿವೆ, ಬರೆದ ಕೈಗಳು ಬೇರೆ, ಬರೆಸಿದವರ ಉದ್ದೇಶಗಳು ಬೇರೆ. ಅವನ್ನೆಲ್ಲ ಒಂದಾದ ಮೇಲೊಂದು ನೋಡುತ್ತ ಹೋದರೆ ಒಬ್ಬ ಹೆಣ್ಣುಮಗಳ ಮುಖಕ್ಕಿಂತ ಹೆಚ್ಚಾಗಿ ಆ ಮುಖದಿಂದ ಯಾರಿಗೆ ಯಾವ ಕೆಲಸ ಆಗಬೇಕಿತ್ತು ಎನ್ನುವುದು ಕಾಣುತ್ತದೆ.

ಅವಳು ಹುಟ್ಟಿದ್ದೇ ಒಂದು ಹರಕೆಯ ಫಲವಾಗಿ. ತಂದೆ ಐದನೆಯ ಜುವಾಂವ್ 1708ರಲ್ಲಿ ಆಸ್ಟ್ರಿಯದ ರಾಜಕುಮಾರಿ ಮರಿಯ ಅನ್ನಾಳನ್ನು ಮದುವೆಯಾಗಿದ್ದ. ಮೂರು ವರ್ಷವಾದರೂ ಮಕ್ಕಳಿಲ್ಲ. ಮಗುವಾದರೆ ಮಾಫ್ರಾ ಎಂಬಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ಮಠ ಕಟ್ಟಿಸಿಕೊಡುವುದಾಗಿ ದೊರೆ ಹರಕೆ ಹೊತ್ತ. 1711ರ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ಹಬ್ಬದ ದಿನವೇ, ಹೆಣ್ಣುಮಗು ಹುಟ್ಟಿತು. ಆ ಸಂತಳ ಹೆಸರನ್ನೇ ಇಟ್ಟರು. ರಾಜಮನೆತನದ ರೂಢಿಯಂತೆ ಉದ್ದಕ್ಕೆ ಬೆಳೆದ ಆ ಹೆಸರಿನ ಸಾಲಿನಲ್ಲಿ ಷವಿಯೇರ್ ಎಂಬುದೂ ಒಂದು. ಗೋವೆಯಲ್ಲಿ ಮಲಗಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್‌ನ ಹೆಸರು ಅದು. ನಮ್ಮ ಕಾರವಾರದ ಆಚೆ ದಡದ ಆ ಗೋವೆಯೂ ಆಗ ಇದೇ ದೊರೆಯದು.

ಹರಕೆಯ ಮಠ ಮೊದಲು ಸಣ್ಣದಾಗಿಯೇ ಇರಬೇಕಿತ್ತು. ಆದರೆ ಬ್ರೆಜಿಲ್ಲಿನ ಮಿನಾಸ್ ಜೆರಾಯಿಸ್ ಪ್ರಾಂತದಲ್ಲಿ ಚಿನ್ನ ಸಿಗತೊಡಗಿ, ಕಟ್ಟಡ ಶುರುವಾಗುವ ಹೊತ್ತಿಗೆ ಇಪ್ಪತ್ತು ವರ್ಷ ದಾಟಿತ್ತು. ತೆಗೆದ ಚಿನ್ನದಲ್ಲಿ ಐದರಲ್ಲೊಂದು ಪಾಲು ನೇರ ದೊರೆಯ ಬೊಕ್ಕಸಕ್ಕೆ. 1720ರ ದಶಕದಲ್ಲಿ ಅಲ್ಲೇ ವಜ್ರವೂ ಸಿಕ್ಕಿತು. ಗುಲಾಮರ ಬೆವರಿನಲ್ಲಿ ಬಂದ ಈ ಹಣ ಜುವಾಂವ್‌ನ ತಲೆಗೆ ಏರಿತು. 1717ರ ನವೆಂಬರ್ 17ರಂದು ಅಡಿಗಲ್ಲು ಬಿದ್ದ ಮಾಫ್ರಾ ಅರಮನೆ, ಬೆಸಿಲಿಕ, ಮಠ ಎಲ್ಲವೂ ಸೇರಿದ ಬೆಟ್ಟದಂಥ ಕಟ್ಟಡವಾಯಿತು. ಕೆಲಸ ಭರದಿಂದ ಸಾಗಿದಾಗ ಸುಮಾರು 45,000 ಆಳುಗಳು ಅಲ್ಲಿ ದುಡಿದರು. 1730ರ ಅಕ್ಟೋಬರ್ 22ರಂದು, ತನ್ನ ಹುಟ್ಟುಹಬ್ಬದ ದಿನ, ದೊರೆ ಅದನ್ನು ದೇವರಿಗೆ ಅರ್ಪಿಸಿದ. ಯಾರು ಹುಟ್ಟಿದ್ದಕ್ಕಾಗಿ ಅದು ಎದ್ದಿತೋ ಅವಳು ಅಷ್ಟರಲ್ಲಿ ಗಡಿ ದಾಟಿ ಹೋಗಿದ್ದಳು, ಮತ್ತೆ ತವರಿಗೆ ಬರಲಿಲ್ಲ. ಪೋರ್ಚುಗಲ್ಲಿನ ಕಾದಂಬರಿಕಾರ ಸರಮಾಗೊ ಮಾಫ್ರಾದ ಕತೆಯನ್ನು ಆಳುಗಳ ಕಡೆಯಿಂದ ಹೇಳುವಾಗ ಈ ವ್ಯಂಗ್ಯವನ್ನು ಬಿಟ್ಟಿಲ್ಲ. ಬಿಡುವುದು ಕಷ್ಟವೂ ಹೌದು.

ಚಿನ್ನ ಬಂದಾಗ ಕಲಾವಿದರೂ ಬಂದರು. 1719ರಲ್ಲಿ ಇಟಲಿಯಿಂದ ಇಬ್ಬರು ಡೊಮೆನಿಕೊಗಳು ಲಿಸ್ಬನ್ನಿಗೆ ಬಂದಿಳಿದರು. ಒಬ್ಬ ಈ ಡುಪ್ರಾ. ಟ್ಯೂರಿನ್ನಿನವನು, ರೋಮಿನಲ್ಲಿ ಚಿತ್ರಕಾರ ಟ್ರೆವಿಸಾನಿಯ ಬಳಿ ಕಲಿತವನು. ಮಟಪಾನ್ ಸಮುದ್ರಯುದ್ಧವನ್ನು ಹಿನ್ನೆಲೆಯಲ್ಲಿಟ್ಟು ದೊರೆಯ ಚಿತ್ರ ಬರೆದ. ವಿಲಾ ವಿಸೋಜ ಅರಮನೆಯ ಒಳಮಾಳಿಗೆಯ ಮೇಲೆ ಬ್ರಗಾಂಜ ವಂಶದ ಡ್ಯೂಕರನ್ನೆಲ್ಲ ಸಾಲಾಗಿ ಕೂರಿಸಿದ. ಮುಂದೆ ರೋಮಿಗೆ ಮರಳಿ, ಸಿಂಹಾಸನ ಕಳೆದುಕೊಂಡು ಅಲ್ಲಿ ಬೀಡುಬಿಟ್ಟಿದ್ದ ಸ್ಟುವರ್ಟ್ ರಾಜಪುತ್ರರನ್ನೂ ಚಿತ್ರಿಸಿದ. ಮಹಾ ಕಲಾವಿದ ಎನ್ನಲಾರೆ. ಆದರೆ ಆಸ್ಥಾನದ ಚಿತ್ರಕಾರನಿಗೆ ಬೇಕಾದ ಕಸುಬು ಅವನ ಕೈಯಲ್ಲಿತ್ತು: ಬಟ್ಟೆಯ ಜರಿ ಹೊಳೆಯಬೇಕು, ಒಡವೆ ಎಣಿಸಲು ಬರಬೇಕು, ಮುಖ ಯಾರದೆಂದು ಗೊತ್ತಾಗಬೇಕು, ಅದಕ್ಕಿಂತ ಹೆಚ್ಚೇನೂ ಗೊತ್ತಾಗಬಾರದು.

ಇನ್ನೊಬ್ಬ ಡೊಮೆನಿಕೊ ಸ್ಕಾರ್ಲಾಟಿ. ನೇಪಲ್ಸಿನವನು. ಬಾಖ್ ಮತ್ತು ಹ್ಯಾಂಡೆಲ್ ಹುಟ್ಟಿದ 1685ರಲ್ಲೇ ಹುಟ್ಟಿದವನು. ಅರಮನೆಯ ಚರ್ಚಿನ ಸಂಗೀತ ನೋಡಿಕೊಳ್ಳುವುದು ಅವನಿಗೆ ವಹಿಸಿದ ಕೆಲಸ, ಜೊತೆಗೆ ದೊರೆಯ ತಮ್ಮ ಡೊಂ ಅಂಟೋನಿಯೊಗೂ ಪುಟ್ಟ ಬಾರ್ಬರಳಿಗೂ ಹಾರ್ಪ್ಸಿಕಾರ್ಡ್ ಪಾಠ. ಪಿಯಾನೊಗಿಂತ ಹಳೆಯದಾದ, ಕೀಲಿ ಒತ್ತಿದರೆ ತಂತಿ ಮೀಟುವ ಆ ವಾದ್ಯದಲ್ಲಿ ಹುಡುಗಿ ಬೇಗ ಪಳಗಿದಳು. ರಾಜಕುಮಾರಿಯರಿಗೆ ಸಂಗೀತ ಹೇಳಿಸುವುದು ಯುರೋಪಿನಲ್ಲೆಲ್ಲ ಇದ್ದದ್ದೇ. ಮದುವೆಯ ಮಾತುಕತೆಯಲ್ಲಿ ಹೇಳಿಕೊಳ್ಳಲು ಒಂದು ಗುಣ ಹೆಚ್ಚಿತು ಅಷ್ಟೇ. ಇವಳ ವಿಷಯದಲ್ಲಿ ಅದು ಅಷ್ಟಕ್ಕೇ ನಿಲ್ಲಲಿಲ್ಲ.

ಮದುವೆಯ ಮಾತು ಹುಟ್ಟಿದ್ದು ಒಂದು ಅವಮಾನದಿಂದ. ಸ್ಪೇನಿನ ಐದನೆಯ ಫೆಲಿಪೆ ತನ್ನ ಪುಟ್ಟ ಮಗಳು ಮರಿಯಾನ ವಿಕ್ಟೋರಿಯಳನ್ನು ಫ್ರಾನ್ಸಿನ ಹದಿನೈದನೆಯ ಲೂಯಿಗೆ ಗೊತ್ತುಮಾಡಿ 1722ರಲ್ಲೇ ಪ್ಯಾರಿಸ್ಸಿಗೆ ಕಳಿಸಿದ್ದ. ಆಗ ಅವಳಿಗಿನ್ನೂ ನಾಲ್ಕು ತುಂಬಿರಲಿಲ್ಲ. ಅಲ್ಲಿ ಅವಳನ್ನು ರಾಣಿಯಾಗುವವಳೆಂದೇ ನಡೆಸಿಕೊಂಡರು. ನಿಕೋಲಾ ಡಿ ಲಾರ್ಜಿಲಿಯೇರ್ 1724ರಲ್ಲಿ ಬರೆದ ಅವಳ ಚಿತ್ರ ನೋಡಬೇಕು: ಆರು ವರ್ಷದ ಮಗು, ದೊಡ್ಡವರ ಭಾರದ ಪೋಷಾಕು, ಸುತ್ತ ರಾಣಿಯ ವೈಭವ. ಮರುವರ್ಷವೇ ಫ್ರಾನ್ಸಿನವರಿಗೆ ಆತುರ ಹತ್ತಿತು. ಲೂಯಿಗೆ ಬೇಗ ಗಂಡುಮಗುವಾಗಬೇಕು, ಈ ಹುಡುಗಿ ಬೆಳೆಯುವ ತನಕ ಕಾಯಲಾಗದು ಎಂದು 1725ರಲ್ಲಿ ಅವಳನ್ನು ಮನೆಗೆ ಅಟ್ಟಿಬಿಟ್ಟರು. ಸ್ಪೇನ್ ಕೆಂಡಾಮಂಡಲವಾಯಿತು. ಮರಳಿದ ಮಗಳಿಗೆ ಒಂದು ಸಿಂಹಾಸನ ಹುಡುಕಬೇಕು. ಪಕ್ಕದ ಪೋರ್ಚುಗಲ್ಲಿನ ಯುವರಾಜ ಜೊಸೆ ಇದ್ದ. ಅವನ ಅಕ್ಕ ಬಾರ್ಬರ ಇದ್ದಳು. ಇತ್ತ ಸ್ಪೇನಿನ ಯುವರಾಜ ಫೆರ್ನಾಂಡೊ ಇದ್ದ. ಕೊಟ್ಟು ತರುವ ಸಂಬಂಧ. ನಮ್ಮ ಕಡೆಯ ಸಾಟಿ ಮದುವೆಯ ಲೆಕ್ಕವೇ.

ಸಿಡುಬಿನ ಕಲೆಯ ಬಗ್ಗೆ ಇಷ್ಟು ಕೊಂಕು ಮಾತು ನಡೆಯಿತಲ್ಲ, ಆ ರೋಗ ಎರಡೂ ಮನೆಗಳಿಗೆ ಹೊಸದಲ್ಲ. ಬಾರ್ಬರಳ ಸೋದರಮಾವ, ಆಸ್ಟ್ರಿಯದ ಚಕ್ರವರ್ತಿ ಜೋಸೆಫ್, ಅವಳು ಹುಟ್ಟುವ ಕೆಲವೇ ತಿಂಗಳ ಮುಂಚೆ ಸಿಡುಬಿನಿಂದ ಸತ್ತಿದ್ದ. ಫೆರ್ನಾಂಡೊ ಯುವರಾಜನಾದದ್ದೇ ಸಿಡುಬಿನ ದೆಸೆಯಿಂದ. ಫೆಲಿಪೆ 1724ರ ಜನವರಿಯಲ್ಲಿ ಸಿಂಹಾಸನ ಬಿಟ್ಟು ಹಿರಿಯ ಮಗ ಲೂಯಿಸ್‌ನಿಗೆ ಪಟ್ಟ ಕಟ್ಟಿದ್ದ. ಹದಿನೇಳು ವರ್ಷದ ಆ ಹುಡುಗ ಏಳು ತಿಂಗಳು ಆಳಿ, ಆಗಸ್ಟ್ 31ರಂದು ಸಿಡುಬಿಗೆ ಬಲಿಯಾದ. ತಂದೆ ಮತ್ತೆ ಸಿಂಹಾಸನ ಏರಿದ, ಫೆರ್ನಾಂಡೊ ಮುಂದಿನ ವಾರಸುದಾರನಾದ. ಅಣ್ಣನನ್ನು ಕೊಂದ ರೋಗದಿಂದ ಬದುಕಿ ಉಳಿದ ಹುಡುಗಿ ಎಂದು ಬಾರ್ಬರಳ ಕೆನ್ನೆಯನ್ನು ನೋಡಬಹುದಿತ್ತು. ಒಮ್ಮೆ ಬಂದು ಹೋದ ಸಿಡುಬು ಮತ್ತೆ ಬಾರದು ಎಂಬುದು ಆಗಿನವರಿಗೂ ಗೊತ್ತಿದ್ದ ಸಂಗತಿ. ವಂಶದ ಲೆಕ್ಕದಲ್ಲಿ ಅದೊಂದು ಭರವಸೆಯೇ. ಆದರೂ ಆ ಕಲೆಗಳಿಗೆ ಕ್ಯಾನ್ವಾಸಿನ ಮೇಲೆ ಜಾಗವಿರಲಿಲ್ಲ.

ಚಿತ್ರಕಾರನನ್ನು ಸುಳ್ಳುಗಾರ ಎನ್ನುವುದೂ ಸರಿಯಲ್ಲ. ರಾಜಮನೆತನದವರು ಚಿತ್ರಕ್ಕಾಗಿ ಗಂಟೆಗಟ್ಟಲೆ ಕೂರುತ್ತಿರಲಿಲ್ಲ. ಮುಖಕ್ಕೆ ಬೇಕಾದಷ್ಟು ಹೊತ್ತು ಕೂತು ಎದ್ದುಹೋಗುವರು. ಮೈ, ಪೋಷಾಕು, ಪರದೆ, ಕಂಬ ಎಲ್ಲ ಆಮೇಲೆ ತುಂಬಿಸಿಕೊಳ್ಳುವ ಕೆಲಸ. ದಿರಿಸನ್ನು ಗೊಂಬೆಗೆ ತೊಡಿಸಿ ನೋಡಿಕೊಂಡು ಬರೆಯುವುದುಂಟು, ಶಿಷ್ಯರ ಕೈಗೆ ಬಿಡುವುದೂ ಉಂಟು. ಒಂದು ಮೂಲ ಒಪ್ಪಿಗೆಯಾದರೆ ಅದರ ಪ್ರತಿಗಳು ಬೇರೆ ಬೇರೆ ಅರಮನೆಗಳಿಗೆ ಹೋಗುವವು. ಹೀಗಿರುವಾಗ ಭಾವಚಿತ್ರವೆಂದರೆ ಮೊಹರು ಹಾಕಿದ ಒಂದು ದಸ್ತಾವೇಜು. ಅದರಲ್ಲಿ ಹುಡುಗಿ ಹೇಗಿದ್ದಾಳೆ ಎನ್ನುವುದಕ್ಕಿಂತ ಯಾರ ಮಗಳು, ಯಾವ ಘನತೆಯವಳು ಎಂಬುದನ್ನು ಓದಬೇಕು. ರಾಯಭಾರಿಗಳು ಅದನ್ನು ಹಾಗೆಯೇ ಓದುತ್ತಿದ್ದರು. ಹಾಗೆ ಓದಲು ಬಾರದವನು ಹದಿನೈದರ ಹುಡುಗ ಫೆರ್ನಾಂಡೊ ಒಬ್ಬನೇ.

1728ರ ಜನವರಿ 11ರಂದು ಲಿಸ್ಬನ್ನಿನಲ್ಲಿ ವರನಿಲ್ಲದೆಯೇ ಮದುವೆ ನಡೆಯಿತು, ಅವನ ಪರವಾಗಿ ಪ್ರತಿನಿಧಿ. ಆ ಸಮಾರಂಭಕ್ಕೆ ಸ್ಕಾರ್ಲಾಟಿ ಸಂಗೀತ ಕಟ್ಟಿದ. ಹೆಣ್ಣು ಒಪ್ಪಿಸುವುದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಜುವಾಂವ್ ಗಡಿಯ ದಾರಿಯಲ್ಲಿ ವೆಂಡಾಸ್ ನೋವಾಸ್ ಎಂಬಲ್ಲಿ ದಿಬ್ಬಣ ತಂಗುವುದಕ್ಕೆಂದೇ ಒಂದು ಅರಮನೆ ಎಬ್ಬಿಸಿದ. ತಿಂಗಳುಗಳಲ್ಲಿ ಮುಗಿದ ಕೆಲಸ. ಹಣವಿದ್ದವನಿಗೆ ಕಲ್ಲೂ ಓಡಿಬರುತ್ತದೆ.

1729ರ ಜನವರಿ 19. ಪೋರ್ಚುಗಲ್ಲಿನ ಎಲ್ವಶ್, ಸ್ಪೇನಿನ ಬಾದಾಹೋಸ್ ಪಟ್ಟಣಗಳ ನಡುವೆ ಹರಿಯುವ ಕಾಯಾ ನದಿಯೇ ಗಡಿ. ಯಾವ ದೊರೆಯೂ ಇನ್ನೊಬ್ಬನ ನೆಲ ತುಳಿದಂತಾಗಬಾರದು. ಅದಕ್ಕಾಗಿ ನದಿಯ ಮೇಲೆ ಸೇತುವೆಯಂತೆ ಮರದ ಮಂಟಪವೊಂದನ್ನು ಕಟ್ಟಿ, ರತ್ನಗಂಬಳಿ ಹಾಸಿ, ಅರ್ಧ ಇವರದು, ಅರ್ಧ ಅವರದು ಎಂದು ಹಂಚಿಕೊಂಡಿದ್ದರು. ಎರಡೂ ಕಡೆಯ ಪರಿವಾರ ಎದುರುಬದುರಾಗಿ ನಿಂತಿತು. ಆ ಕಡೆಯಿಂದ ಹತ್ತು ವರ್ಷದ ಮರಿಯಾನ ವಿಕ್ಟೋರಿಯ ಪೋರ್ಚುಗಲ್ಲಿಗೆ, ಈ ಕಡೆಯಿಂದ ಹದಿನೇಳರ ಬಾರ್ಬರ ಸ್ಪೇನಿಗೆ.

ಅವತ್ತಿನ ಮುಖಭಾವ ನೋಡಲೆಂದೇ ಇಂಗ್ಲೆಂಡಿನ ಬೆಂಜಮಿನ್ ಕೀನ್ ಒಳ್ಳೆಯ ಜಾಗ ಹಿಡಿದು ನಿಂತಿದ್ದ. ಅವನ ವರದಿಯ ಪ್ರಕಾರ ರಾಜಕುಮಾರಿ ಚಿನ್ನ ವಜ್ರಗಳಲ್ಲಿ ಮುಳುಗಿದ್ದಳು, ಆದರೂ ಅವಳನ್ನು ಕಂಡ ಫೆರ್ನಾಂಡೊ ಬೆಚ್ಚಿದ. ತನಗೆ ಮೋಸವಾಯಿತು ಎಂಬಂತೆ ನೋಡಿದ. ದೊಡ್ಡ ಬಾಯಿ, ದಪ್ಪ ತುಟಿ, ಎದ್ದ ಕೆನ್ನೆಯ ಮೂಳೆ, ಸಣ್ಣ ಕಣ್ಣು ಎಂದು ಕೀನ್ ಪಟ್ಟಿ ಮಾಡಿದ್ದಾನೆ. ಬಾರ್ಬರಳ ಮೇಲೆ ಯಾರು ಬರೆದರೂ ಈ ಸಾಲುಗಳಿಗೆ ಬಂದೇ ಬರುತ್ತಾರೆ, ನಾನೂ ಬಂದೆ. ಆದರೆ ಕೀನ್ ಗೂಢಚಾರನ ಕಣ್ಣಿನ ರಾಯಭಾರಿ. ಸ್ಪೇನ್ ಪೋರ್ಚುಗಲ್ಲುಗಳ ನಂಟು ಗಟ್ಟಿಯಾದರೆ ಲಂಡನ್ನಿಗೆ ಏನು ಲಾಭ ನಷ್ಟ ಎಂದು ಅಳೆಯುವುದು ಅವನ ಕೆಲಸ. ವರನ ಮುಖದಲ್ಲಿ ಅಸಮಾಧಾನ ಕಂಡರೆ ಅದು ಅವನಿಗೆ ಬರೆಯಲು ಯೋಗ್ಯವಾದ ಸುದ್ದಿ. ವಧು ಆ ವರನನ್ನು ನೋಡಿ ಏನಂದುಕೊಂಡಳು ಎಂಬುದು ಸುದ್ದಿಯಾಗಲಿಲ್ಲ. ಅವನೂ ಏನು ಸುಂದರನಲ್ಲ, ವಯಸ್ಸಿನಲ್ಲಿ ಅವಳಿಗಿಂತ ಸುಮಾರು ಎರಡು ವರ್ಷ ಚಿಕ್ಕವನು, ತಾಯಿಯಿಲ್ಲದ ಹುಡುಗ.

ಮದುವೆಯ ನಂತರ ಸ್ಪೇನಿನ ಆಸ್ಥಾನ ಮ್ಯಾಡ್ರಿಡ್ಡಿಗೆ ಮರಳದೆ ಸೆವಿಲ್ಲೆಗೆ ಹೋಗಿ 1733ರ ತನಕ ಅಲ್ಲೇ ಉಳಿಯಿತು. ಫೆಲಿಪೆಯ ಆಸ್ಥಾನ ಚಿತ್ರಕಾರ ಝಾನ್ ರಾಂಕ್ 1729ರಲ್ಲಿ ಬಾರ್ಬರಳನ್ನು ಹೊಸದಾಗಿ ಬರೆದ. ಬೀಗರ ಚಿತ್ರಗಳನ್ನು ಬರೆಯಲು ಅವನನ್ನು ಲಿಸ್ಬನ್ನಿಗೂ ಕಳಿಸಿದರು. ರಾಂಕ್ ಫ್ರಾನ್ಸಿನವನು, ಹದಿನಾಲ್ಕನೆಯ ಲೂಯಿಯನ್ನು ಚಿತ್ರಿಸಿದ ರಿಗೋನ ಶಿಷ್ಯ; ರಿಗೋನ ತಮ್ಮನ ಮಗಳನ್ನೇ ಮದುವೆಯಾದವನು. ಗುರುವಿನ ಗತ್ತು, ಭಾರದ ಪರದೆ, ಗಾಳಿಗೆ ಉಬ್ಬಿದ ರೇಷ್ಮೆ ಎಲ್ಲ ಅವನಿಗೆ ಬಳುವಳಿಯಾಗಿ ಬಂದಿತ್ತು. ರೊಕೊಕೊ ಎಂದು ಮುಂದೆ ಹೆಸರಾದ ಆ ತೆಳುಬಣ್ಣದ, ನಗುಮುಖದ ಶೈಲಿಗೆ ಅವನು ಹೊಸ್ತಿಲಲ್ಲಿ ನಿಂತವನು, ಒಳಗೆ ಕಾಲಿಡಲಿಲ್ಲ. ಡುಪ್ರಾ ಬರೆದದ್ದು ಕೊಡಬೇಕಾದ ಹೆಣ್ಣನ್ನು. ರಾಂಕ್ ಬರೆದದ್ದು ಮನೆತುಂಬಿದ ಸೊಸೆಯನ್ನು. ಚೌಕಾಸಿ ಮುಗಿದಿತ್ತು, ಇನ್ನು ಸ್ಪೇನಿನ ಯುವರಾಣಿ ಯುವರಾಣಿಯ ಹಾಗೆ ಕಂಡರೆ ಸಾಕಿತ್ತು.

ರಾಂಕ್‌ನ ಕೊನೆ ಚೆನ್ನಾಗಿರಲಿಲ್ಲ. 1734ರ ಕ್ರಿಸ್ಮಸ್ ಹಿಂದಿನ ರಾತ್ರಿ ಮ್ಯಾಡ್ರಿಡ್ಡಿನ ಹಳೆಯ ಅರಮನೆ ಅಲ್ಕಾಸರ್ ಹೊತ್ತಿಕೊಂಡಿತು. ಬೆಂಕಿ ಎದ್ದದ್ದು ಅವನ ಕೋಣೆಯಿಂದಲೇ ಎಂದು ಗುಲ್ಲಾಯಿತು. 500ಕ್ಕೂ ಹೆಚ್ಚು ಚಿತ್ರಗಳು ಬೂದಿಯಾದವು. ವೆಲಾಸ್ಕೆಸ್‌ನ ಜಗತ್ಪ್ರಸಿದ್ಧ ಚಿತ್ರ ‘ಲಾಸ್ ಮೆನಿನಾಸ್’ ಹೇಗೋ ಪಾರಾಯಿತು. ಫೆಲಿಪೆಯ ಇಡೀ ಕುಟುಂಬವನ್ನು ರಾಂಕ್ ಬರೆದಿದ್ದ ದೊಡ್ಡ ಚಿತ್ರವೂ ಅಲ್ಲೇ ಉರಿದುಹೋಯಿತು. ಮರುವರ್ಷ ಅವನೇ ಸತ್ತ.

ಬಾರ್ಬರಳ ಮೊದಲ ವರ್ಷಗಳೂ ಸುಖದವಲ್ಲ. ಮನೆಯಲ್ಲಿ ಆಳುತ್ತಿದ್ದವಳು ಫೆಲಿಪೆಯ ಎರಡನೆಯ ಹೆಂಡತಿ ಇಸಬೆಲ್ ಫಾರ್ನೇಸೆ. ಇಟಲಿಯ ಪಾರ್ಮಾದವಳು, ಗಟ್ಟಿಗಿತ್ತಿ, ತನ್ನ ಹೊಟ್ಟೆಯ ಮಕ್ಕಳಿಗೆ ಎಲ್ಲೆಲ್ಲಿ ರಾಜ್ಯ ಸಿಗುತ್ತದೆ ಎಂದು ಹುಡುಕುವುದರಲ್ಲೇ ಸ್ಪೇನಿನ ಸೈನ್ಯವನ್ನು ಸವೆಸಿದವಳು. ಸವತಿಯ ಮಗ ಫೆರ್ನಾಂಡೊ ಅವಳ ದಾರಿಯ ಮುಳ್ಳು. ಯುವರಾಜ ದಂಪತಿ ಯಾರನ್ನು ಕಾಣಬೇಕು, ಎಲ್ಲಿಗೆ ಹೋಗಬೇಕು ಎಂಬುದಕ್ಕೆಲ್ಲ ಕಟ್ಟುಪಾಡು ಬಂತು. ಹೊರಗಿನ ಸಂಪರ್ಕವೇ ಕಡಿದಂತಾಯಿತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಸರಿಯಾಗಿ ನೋಡಿಕೊಂಡದ್ದು ಪ್ರಾಯಶಃ ಆಗಲೇ. ಕಾಯಾ ನದಿಯ ಮೇಲೆ ಬೆಚ್ಚಿದ ಹುಡುಗ ಕೆಲವೇ ವರ್ಷಗಳಲ್ಲಿ ಅವಳನ್ನು ಬಿಟ್ಟು ಅರೆಗಳಿಗೆ ಇರಲಾರದವನಾದ. ಇಬ್ಬರಿಗೂ ಸಂಗೀತವೆಂದರೆ ಜೀವ. ಬಾರ್ಬರಳ ಜೊತೆಗೇ ಸ್ಪೇನಿಗೆ ಬಂದಿದ್ದ ಸ್ಕಾರ್ಲಾಟಿ ಅವರ ಕೋಣೆಗಳಲ್ಲಿ ನುಡಿಸುತ್ತಿದ್ದ, ಅವಳು ನುಡಿಸಲಿ ಎಂದು ಬರೆಯುತ್ತಿದ್ದ. 1738ರಲ್ಲಿ ಅವನ ಮೂವತ್ತು ಸೊನಾಟಾಗಳ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು, ಅರ್ಪಣೆ ಬಾರ್ಬರಳ ತಂದೆ ಜುವಾಂವ್‌ಗೆ. ಅದರ ಮುಖಪುಟದ ಚಿತ್ರ ಬರೆದವನು ವೆನಿಸ್ಸಿನ ಯಾಕೊಪೊ ಅಮಿಗೋನಿ. ಇದೇ ಅಮಿಗೋನಿ ಹತ್ತು ವರ್ಷಗಳೊಳಗೆ ಮ್ಯಾಡ್ರಿಡ್ಡಿಗೆ ಬಂದು ಆಸ್ಥಾನ ಚಿತ್ರಕಾರನಾಗಲಿದ್ದ.

ಅದಕ್ಕೂ ಮುಂಚೆ ಲೂಯಿ-ಮಿಶೆಲ್ ವಾನ್ ಲೂ ಬಂದ. ಬೆಂಕಿಯಲ್ಲಿ ಹೋದ ಕುಟುಂಬಚಿತ್ರದ ಜಾಗ ತುಂಬುವಂಥ ದೊಡ್ಡ ಚಿತ್ರವನ್ನು 1743ರಲ್ಲಿ ಅವನು ಮುಗಿಸಿದ. ನಾಲ್ಕು ಮೀಟರ್ ಎತ್ತರ, ಐದು ಮೀಟರಿಗೂ ಮಿಕ್ಕ ಅಗಲ. ಹದಿನಾಲ್ಕು ಜನ ಆಳೆತ್ತರದಲ್ಲಿ. ತೆರೆದ ಸಭಾಂಗಣ, ಮೇಲಿನ ಮೊಗಸಾಲೆಯಲ್ಲಿ ವಾದ್ಯಗಾರರು, ನೆಲದ ಮೇಲೆ ನಾಯಿಯೊಂದಿಗೆ ಆಡುವ ಇಬ್ಬರು ಹೆಣ್ಣುಮಕ್ಕಳು. ಬಣ್ಣಗಳು ಹಗುರ, ರೇಷ್ಮೆ ಸರಭರ ಎನ್ನುವಂತಿದೆ. ರೊಕೊಕೊ ಇಲ್ಲಿ ಪೂರ್ತಿ ಮನೆಯೊಳಗೆ ಬಂದು ಕೂತಿದೆ. ಎಲ್ಲರೂ ಒಂದು ಸಂಜೆ ಸುಮ್ಮನೆ ಸೇರಿದಂತೆ ಕಾಣುತ್ತದೆ. ಹಾಗೆ ಅವರು ಎಂದೂ ಸೇರಿರಲಿಲ್ಲ. ಮರಿಯಾನ ವಿಕ್ಟೋರಿಯ ಲಿಸ್ಬನ್ನಿನಲ್ಲಿದ್ದಳು, ಇಸಬೆಲ್‌ಳ ಹಿರಿಯ ಮಗ ಕಾರ್ಲೊಸ್ ನೇಪಲ್ಸಿನಲ್ಲಿ ದೊರೆಯಾಗಿದ್ದ. ಚಿತ್ರಕಾರ ಅವರವರ ಮುಖಗಳನ್ನು ತಂದು ಜೋಡಿಸಿದ.

ಈ ಚಿತ್ರವನ್ನು ಎಡದಿಂದ ನೋಡಬೇಕು. ಅಲ್ಲಿ ಮರಿಯಾನ ವಿಕ್ಟೋರಿಯ, ಪಕ್ಕದಲ್ಲೇ ಬಾರ್ಬರ, ಫೆರ್ನಾಂಡೊ. ಒಂದೇ ದಿನ ಒಂದೇ ಮಂಟಪದಲ್ಲಿ ಅದಲುಬದಲಾದ ಇಬ್ಬರು ಹೆಣ್ಣುಗಳು, ಹದಿನಾಲ್ಕು ವರ್ಷಗಳ ಮೇಲೆ ಬಣ್ಣದಲ್ಲಿ ಅಕ್ಕಪಕ್ಕ ಕೂತಿದ್ದಾರೆ. ನಡುವೆ, ದಿಂಬಿನ ಮೇಲಿಟ್ಟ ಕಿರೀಟದ ಬಳಿ ತೋಳೂರಿ ಕೂತವಳು ಇಸಬೆಲ್. ದೊರೆ ಫೆಲಿಪೆಗಿಂತ ಕಣ್ಣು ಮೊದಲು ಅವಳ ಮೇಲೆ ಬೀಳುತ್ತದೆ. ಬಲಗಡೆಯ ತುಂಬ ಅವಳ ಮಕ್ಕಳು, ಸೊಸೆಯಂದಿರು. ಪಟ್ಟಕ್ಕೆ ಮುಂದಿನ ಹಕ್ಕುದಾರ ಫೆರ್ನಾಂಡೊ ಎಂಬುದು ಚಿತ್ರ ನೋಡಿದವನಿಗೆ ತಟ್ಟನೆ ಹೊಳೆಯುವುದಿಲ್ಲ. ಬರೆಸಿದವಳಿಗೆ ಬೇಕಾದದ್ದೂ ಅದೇ ಎಂದು ನನಗನ್ನಿಸುತ್ತದೆ. ಮೂವತ್ತು ದಾಟಿದ ಬಾರ್ಬರ ಇಲ್ಲಿ ತುಂಬಿದ ಮೈಯವಳು. ಮುಖ ಮಾತ್ರ ಉಳಿದ ಹೆಂಗಸರ ಮುಖದಷ್ಟೇ ನುಣುಪು. ವಾನ್ ಲೂ ಎಲ್ಲರಿಗೂ ಒಂದೇ ಪುಡಿ ಬಳಿದಿದ್ದಾನೆ.

1746ರಲ್ಲಿ ಫೆಲಿಪೆ ಸತ್ತ. ಫೆರ್ನಾಂಡೊ ದೊರೆಯಾದ, ಬಾರ್ಬರ ರಾಣಿಯಾದಳು. ಮರುವರ್ಷ ಇಸಬೆಲ್‌ಳನ್ನು ಮ್ಯಾಡ್ರಿಡ್ಡಿನಿಂದ ದೂರ, ಲಾ ಗ್ರಾಂಹಾ ಅರಮನೆಗೆ ಕಳಿಸಿದರು. ಹೊಸ ದೊರೆಗೆ ಯುದ್ಧದ ಹುಮ್ಮಸ್ಸಿರಲಿಲ್ಲ. ಕಾರ್ವಾಹಾಲ್, ಎನ್ಸೆನಾಡ ಎಂಬ ಮಂತ್ರಿಗಳ ಜಗಳದ ನಡುವೆಯೂ ಫ್ರಾನ್ಸ್ ಇಂಗ್ಲೆಂಡುಗಳ ಕಾದಾಟದಿಂದ ಸ್ಪೇನನ್ನು ದೂರ ಇಟ್ಟ. ತವರಿಗೂ ಗಂಡನ ಮನೆಗೂ ನಡುವೆ ಬಾರ್ಬರ ಸೇತುವೆಯಾಗಿದ್ದಕ್ಕೆ ದೊಡ್ಡ ಸಾಕ್ಷಿ 1750ರ ಜನವರಿ 13ರ ಮ್ಯಾಡ್ರಿಡ್ ಒಪ್ಪಂದ. ದಕ್ಷಿಣ ಅಮೆರಿಕದಲ್ಲಿ ಎರಡು ದೇಶಗಳ ಗಡಿ ಎಲ್ಲಿ ಎಂದು ಅದು ಗೆರೆ ಎಳೆಯಿತು. ಇಂದಿನ ಬ್ರೆಜಿಲ್ಲಿನ ಆಕಾರಕ್ಕೆ ಬುನಾದಿ ಅಲ್ಲಿದೆ. ಪೋರ್ಚುಗಲ್ ತನ್ನ ಕೊಲೋನಿಯ ದೊ ಸಕ್ರಮೆಂಟೊ ಪಟ್ಟಣವನ್ನು ಬಿಟ್ಟುಕೊಡಬೇಕು, ಬದಲಿಗೆ ಉರುಗ್ವೆ ನದಿಯ ಪೂರ್ವದಲ್ಲಿ ಜೆಸ್ಯೂಟ್ ಪಾದ್ರಿಗಳು ಕಟ್ಟಿದ್ದ ಏಳು ಊರುಗಳು ಅದಕ್ಕೆ. ಆ ಊರುಗಳಲ್ಲಿ ಬಾಳುತ್ತಿದ್ದ ಗ್ವರಾನಿ ಜನರನ್ನು ಯಾರೂ ಕೇಳಲಿಲ್ಲ. ಮನೆ ಬಿಡಲೊಪ್ಪದ ಅವರು ಎದುರು ನಿಂತರು, 1756ರ ಹೊತ್ತಿಗೆ ಎರಡು ಸೈನ್ಯಗಳು ಸೇರಿ ಅವರನ್ನು ತುಳಿದವು. ಬೀಗರ ಸ್ನೇಹಕ್ಕೆ ತೆರ ತೆತ್ತವರು ಸಾಗರದಾಚೆಯವರು. 1761ರಲ್ಲಿ ಒಪ್ಪಂದವೇ ರದ್ದಾಯಿತು.

ಒಳಗೆ, ಅರಮನೆಯಲ್ಲಿ, ಅದು ಹಾಡಿನ ಕಾಲ. 1737ರಲ್ಲಿ ಫೆಲಿಪೆಯ ಖಿನ್ನತೆಗೆ ಮದ್ದಾಗಿ ಕರೆಸಿಕೊಂಡಿದ್ದ ಗಾಯಕ ಫರಿನೆಲ್ಲಿ ಈಗ ಬ್ಯುಯೆನ್ ರೆಟಿರೊ ಅರಮನೆಯಲ್ಲಿ ಒಪೆರಾಗಳನ್ನು ಆಡಿಸುತ್ತಿದ್ದ. ಬೇಸಿಗೆಯ ಹೊತ್ತಿಗೆ ಅರಾನ್ಹುಯೆಸ್‌ನಲ್ಲಿ ತಾಹೊ ನದಿಯ ಮೇಲೆ ಸಿಂಗರಿಸಿದ ದೋಣಿಗಳ ಸಾಲು, ದೋಣಿಯಲ್ಲಿ ಫರಿನೆಲ್ಲಿಯ ಹಾಡು, ದೊರೆ ರಾಣಿಯರ ವಾದ್ಯ. ಅಮಿಗೋನಿ ಬರೆದ ಆಸ್ಥಾನದ ಚಿತ್ರವೊಂದನ್ನು ಫ್ಲಿಪಾರ್ 1752ರಲ್ಲಿ ತಾಮ್ರದ ತಗಡಿನ ಮೇಲೆ ಕೆತ್ತಿದ. ಅದರಲ್ಲಿ ಫೆರ್ನಾಂಡೊ ಬಾರ್ಬರ ನಡುವೆ ಕೂತಿದ್ದಾರೆ, ಮೇಲಿನ ಮೊಗಸಾಲೆಯಲ್ಲಿ ಸಂಗೀತಗಾರರು. ವಾನ್ ಲೂನ ಚಿತ್ರದಲ್ಲಿ ಮೊಗಸಾಲೆಯ ವಾದ್ಯಗಾರರು ಹೆಸರಿಲ್ಲದ ಅಲಂಕಾರ. ಇಲ್ಲಿ ಅವರಿಗೆ ಹೆಸರಿದೆ. ಸ್ಕಾರ್ಲಾಟಿಯೂ ಫರಿನೆಲ್ಲಿಯೂ ಅವರ ನಡುವೆ ಇದ್ದಾರೆಂದು ಬಲ್ಲವರು ಗುರುತಿಸುತ್ತಾರೆ. ರಾಣಿಯ ಚಿತ್ರಗಳಲ್ಲೆಲ್ಲ ನನಗೆ ಇದೇ ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ, ಮುಖ ಹೇಗಾದರೂ ಇರಲಿ.

ಅವಳು ತೀರಿಕೊಂಡಾಗ ಮಾಡಿದ ಪಟ್ಟಿಯಲ್ಲಿ ಹನ್ನೆರಡು ಕೀಲಿಮಣೆ ವಾದ್ಯಗಳು ಸಿಗುತ್ತವೆ. ಅವುಗಳಲ್ಲಿ ಫ್ಲಾರೆನ್ಸಿನಲ್ಲಿ ತಯಾರಾದ ಪಿಯಾನೊಗಳೂ ಇದ್ದವು. ಪಿಯಾನೊ ಆಗಿನ್ನೂ ಎಳೆಯ ವಾದ್ಯ, ಯುರೋಪಿನ ಬಹುತೇಕ ಅರಮನೆಗಳು ಅದನ್ನು ಕಂಡೇ ಇರಲಿಲ್ಲ. ಪಿಯಾನೊಗೆಂದೇ ಬರೆದು ಅಚ್ಚು ಹಾಕಿಸಿದ ಮೊದಲ ಸೊನಾಟಾಗಳ ಪುಸ್ತಕ 1732ರದು, ಅದರ ಅರ್ಪಣೆ ಅವಳ ಚಿಕ್ಕಪ್ಪ ಡೊಂ ಅಂಟೋನಿಯೊಗೆ. ಹಾರ್ಪ್ಸಿಕಾರ್ಡ್ ಬಿಟ್ಟು ಹೊಸ ನಾದ ಹುಡುಕುವ ಈ ಚಪಲ ತವರುಮನೆಯದೇ ಎನ್ನಬೇಕು. ಬೊಲೊನ್ಯದ ವಿದ್ವಾಂಸ ಪಾದ್ರಿ ಮಾರ್ಟಿನಿ 1757ರಲ್ಲಿ ತನ್ನ ಸಂಗೀತದ ಇತಿಹಾಸದ ಮೊದಲ ಸಂಪುಟವನ್ನು ಅವಳಿಗೆ ಅರ್ಪಿಸಿದ.

ಅವಳಿಗೆ ಮಕ್ಕಳಾಗಲಿಲ್ಲ. ಗಂಡ ಮೊದಲು ಹೋದರೆ ಇಸಬೆಲ್‌ಳ ಮಗ ದೊರೆಯಾಗುತ್ತಾನೆ, ತಾನು ಮೂಲೆಗೆ ಬೀಳುತ್ತೇನೆ ಎಂಬ ಅಂಜಿಕೆ ಇದ್ದೇ ಇತ್ತು. ಇಸಬೆಲ್‌ಗೆ ತಾವೇ ಮಾಡಿದ್ದು ಕಣ್ಣೆದುರಿಗಿತ್ತಲ್ಲ. ಆದ್ದರಿಂದ ಮ್ಯಾಡ್ರಿಡ್ಡಿನಲ್ಲಿ ಸಲೇಸಾಸ್ ರಿಯಾಲೆಸ್ ಎಂಬ ಕನ್ಯಾಮಠ ಕಟ್ಟಿಸಿದಳು. ಕುಲೀನರ ಮನೆಯ ಹೆಣ್ಣುಮಕ್ಕಳಿಗೆ ಶಾಲೆ, ತನಗೆ ವೈಧವ್ಯದಲ್ಲಿ ನೆಲೆ. ಫ್ರಾಂಸ್ವಾ ಕಾರ್ಲಿಯೇ ಅದರ ನಕ್ಷೆ ಬರೆದ. ಅಪ್ಪನ ಮಾಫ್ರಾ ಹುಚ್ಚಿನ ಒಂದು ತುಣುಕು ಮಗಳಿಗೂ ಬಂದಿತ್ತು; ಖರ್ಚು ಕಂಡು ಮ್ಯಾಡ್ರಿಡ್ಡಿನ ಜನ ಅವಳ ಹೆಸರನ್ನೇ ಹಿಡಿದು ಕುಹಕದ ಪದ್ಯ ಕಟ್ಟಿದರು.

ಆ ನಡುವೆ, 1755ರ ನವೆಂಬರ್ 1ರಂದು, ಲಿಸ್ಬನ್ ನಡುಗಿ ಕುಸಿಯಿತು. ಅವಳು ಬೆಳೆದ ನದಿತೀರದ ರಿಬೇರಾ ಅರಮನೆ, ಅದರ ಗ್ರಂಥಾಲಯ, ಚಿತ್ರಗಳು, ಅದೇ ವರ್ಷ ಬಾಗಿಲು ತೆರೆದಿದ್ದ ಒಪೆರಾ ಭವನ ಎಲ್ಲವೂ ಹೋದವು. ಹುಡುಗಿ ಬಾರ್ಬರಳ ಮುಖ ಇಂದು ನಮಗೆ ಸಿಗುವುದು ಅದನ್ನು ಬೀಗರ ಮನೆಗೆ ಕಳಿಸಿದ್ದರಿಂದ.

ಅಸ್ತಮಾ ಅವಳನ್ನು ಮೊದಲಿನಿಂದ ಕಾಡುತ್ತಿತ್ತು, ಮೈ ಭಾರವಾಗಿತ್ತು. 1757ರ ಜುಲೈಯಲ್ಲಿ ಸ್ಕಾರ್ಲಾಟಿ ತೀರಿಕೊಂಡ. ಮರುವರ್ಷ ಆಗಸ್ಟ್ 27ರಂದು ದೀರ್ಘ ನರಳಾಟದ ನಂತರ ಅರಾನ್ಹುಯೆಸ್‌ನಲ್ಲಿ ಬಾರ್ಬರ ಪ್ರಾಣಬಿಟ್ಟಳು, 46 ವರ್ಷ. ಆಸ್ತಿಯ ಬಹುಪಾಲು ತಮ್ಮ ಪೇದ್ರುವಿಗೆ ಬರೆದಿಟ್ಟಿದ್ದಳು, ಹಣ ಪೋರ್ಚುಗಲ್ಲಿಗೆ ಹೋಯಿತೆಂದು ಸ್ಪೇನಿನವರು ಗೊಣಗಿದರು. ಫೆರ್ನಾಂಡೊ ವಿಯಾವಿಸಿಯೋಸ ಎಂಬ ಊರಿನ ಕೋಟೆಗೆ ಹೋಗಿ ಸೇರಿಕೊಂಡ. ಹಾಸಿಗೆಯಲ್ಲಿ ಮಲಗಲೊಲ್ಲ, ಊಟ ಒಲ್ಲ, ಕಾಗದಕ್ಕೆ ರುಜು ಹಾಕಲೊಲ್ಲ. ಬುದ್ಧಿ ಪೂರ್ತಿ ಕದಡಿತು. ಒಂದು ವರ್ಷ ಸ್ಪೇನಿನಲ್ಲಿ ದೊರೆ ಇದ್ದೂ ಇರಲಿಲ್ಲ. 1759ರ ಆಗಸ್ಟ್ 10ರಂದು ಅವನೂ ಹೋದ.

ಸ್ಪೇನಿನ ಹೆಚ್ಚಿನ ರಾಜರಾಣಿಯರ ಸಮಾಧಿ ಎಸ್ಕೋರಿಯಲ್‌ನಲ್ಲಿ. ಅಲ್ಲಿ ಜಾಗ ಪಟ್ಟಕ್ಕೆ ಮಗನನ್ನು ಹೆತ್ತ ರಾಣಿಯರಿಗೆ. ಇವರಿಬ್ಬರು ಮಲಗಿರುವುದು ಸಲೇಸಾಸ್ ಚರ್ಚಿನಲ್ಲಿ. ಫೆರ್ನಾಂಡೊನ ಸಮಾಧಿ ಸಬಾಟಿನಿ ರಚಿಸಿದ್ದು, ಭವ್ಯವಾಗಿದೆ, ಚರ್ಚಿಗೆ ಬಂದವರಿಗೆಲ್ಲ ಎದುರಿಗೇ ಕಾಣುತ್ತದೆ. ಬಾರ್ಬರಳದು ಅದರ ಬೆನ್ನಿಗೆ, ಚಿಕ್ಕದು. ಪಕ್ಕದ ಕನ್ಯಾಮಠದ ಕಟ್ಟಡದಲ್ಲಿ ಈಗ ಸ್ಪೇನಿನ ಸರ್ವೋಚ್ಚ ನ್ಯಾಯಾಲಯವಿದೆ.

ಉಯಿಲಿನಲ್ಲಿ ಫರಿನೆಲ್ಲಿಗೂ ಪಾಲಿತ್ತು: ಅವಳ ಒಳ್ಳೆಯ ಹಾರ್ಪ್ಸಿಕಾರ್ಡುಗಳು ಮತ್ತು ಸಂಗೀತದ ಹಸ್ತಪ್ರತಿಗಳು. ಆ ಹಸ್ತಪ್ರತಿಗಳಲ್ಲಿ ಸ್ಕಾರ್ಲಾಟಿಯ ಸೊನಾಟಾಗಳ ಹದಿನೈದು ಸಂಪುಟಗಳಿದ್ದವು, ಹೆಚ್ಚಿನವು 1752ರಿಂದ 1757ರ ನಡುವೆ ರಾಣಿಗೆಂದೇ ಅಂದವಾಗಿ ಬರೆಸಿದವು, ಒಟ್ಟು 496 ಸೊನಾಟಾಗಳು. ಹೊಸ ದೊರೆ ಕಾರ್ಲೊಸ್ ಬಂದ ಮೇಲೆ ಫರಿನೆಲ್ಲಿಗೆ ಮ್ಯಾಡ್ರಿಡ್ಡಿನಲ್ಲಿ ಜಾಗವಿರಲಿಲ್ಲ. ಅವನ್ನೆಲ್ಲ ಕಟ್ಟಿಕೊಂಡು ಬೊಲೊನ್ಯಕ್ಕೆ ಹೋದ. ಸ್ಕಾರ್ಲಾಟಿಯ ಸ್ವಂತ ಕೈಬರಹದ ಸೊನಾಟಾ ಒಂದೂ ಉಳಿದಿಲ್ಲ. 1782ರಲ್ಲಿ ಫರಿನೆಲ್ಲಿ ಸತ್ತ ಮೇಲೆ ಆ ಸಂಪುಟಗಳು ಕೈ ಬದಲಾಯಿಸುತ್ತ ವೆನಿಸ್ಸಿನ ಮಾರ್ಚಿಯಾನ ಗ್ರಂಥಾಲಯ ಸೇರಿದವು. ಇವತ್ತು ಯಾರೇ ಸ್ಕಾರ್ಲಾಟಿಯನ್ನು ನುಡಿಸಿದರೂ ಮೊದಲು ನೋಡುವುದು ಅವನ್ನೂ ಅವುಗಳ ಜೊತೆಗೇ ಸಿದ್ಧವಾಗಿ ಈಗ ಪಾರ್ಮಾದಲ್ಲಿರುವ ಪ್ರತಿಗಳನ್ನೂ.